ಹಿಂದೆ ಟ್ರೈಲರ್ ಇದೆ ಅಂತ ಮ್ಯಾಪ್‌ಗೆ ಗೊತ್ತಿಲ್ಲ: ಯೆಲ್ಲೋಸ್ಟೋನ್‌ಗೆ ಯಾವ ಹೈವೇ ಹಿಡಿಯೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಡ್ರೈವ್ ಮಾಡ್ತಾ ಕೇಳ್ತಿದ್ರೆ ಫೋನ್ ಮುಟ್ಟಬೇಡಿ, ನಂಬರ್‌ಗಳೆಲ್ಲ ಈ ಬರಹದಲ್ಲಿ ಇರುತ್ತೆ, ಆಮೇಲೆ ನೋಡ್ಕೊಳ್ಳಿ.

ಈ ವಾರದ ಪ್ರಶ್ನೆ ಅಮೆರಿಕದ ಶಿಕಾಗೋ ಕಡೆಯಿಂದ ಬಂದಿದೆ. ಅಲ್ಲಿ ಕೆಲಸದಲ್ಲಿರೋ ಒಂದು ಕನ್ನಡದ ಕುಟುಂಬ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಇಬ್ಬರು ಮಕ್ಕಳಿದ್ದಾರೆ. ಸುಮಾರು 30 ಅಡಿ ಉದ್ದದ ಟ್ರಾವೆಲ್ ಟ್ರೈಲರ್ ಬಾಡಿಗೆಗೆ ತಗೊಂಡು, ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು, ಯೆಲ್ಲೋಸ್ಟೋನ್ ನೋಡಿ ಬರೋ ಪ್ಲಾನ್. ಅವರ ಪ್ರಶ್ನೆ ಇಷ್ಟೇ: ವಯೋಮಿಂಗ್ ರಾಜ್ಯದಲ್ಲಿ ಬೆಟ್ಟ ದಾಟೋಕೆ ಮ್ಯಾಪ್ ಮೂರು ದಾರಿ ತೋರಿಸ್ತಿದೆ, ಯಾವುದರಲ್ಲಿ ಹೋಗೋದು?

ಟ್ರಾವೆಲ್ ಟ್ರೈಲರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇಂಜಿನ್ ಇಲ್ಲದ, ಚಕ್ರ ಇರೋ ಪುಟ್ಟ ಮನೆ ಅದು. ಒಳಗೆ ಮಂಚ, ಅಡುಗೆಮನೆ, ಟಾಯ್ಲೆಟ್ ಎಲ್ಲಾ ಇರುತ್ತೆ. ಮುಂದಿನ ಗಾಡಿ ಎಳೀಬೇಕು. ಸಾಮಾನು, ನೀರು ತುಂಬಿದ ಮೇಲೆ ಇಂಥ ಒಂದು ಟ್ರೈಲರ್ 8,000 ಪೌಂಡ್ ತೂಗೋದು ಮಾಮೂಲು, ಅಂದ್ರೆ ಮೂರೂವರೆ ಟನ್ ಮೇಲೆ. ಟ್ರಕ್ಕೂ ಜನರೂ ಸೇರಿದ್ರೆ ಒಟ್ಟು ಆರೂವರೆ ಟನ್. ಉದ್ದ 50 ಅಡಿ.

ಇನ್ನೊಂದು ವಿಷಯ: ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಇದನ್ನ ಎಳೆಯೋಕೆ ಮಾಮೂಲಿ ಕಾರ್ ಲೈಸೆನ್ಸ್ ಸಾಕು. ಬೆಳಿಗ್ಗೆ ಬಾಡಿಗೆ ಪೇಪರ್‌ಗೆ ಸಹಿ ಹಾಕಿ, ಮಧ್ಯಾಹ್ನ 50 ಅಡಿ ಗಾಡಿ ಓಡಿಸಬಹುದು. ಲಾರಿ ಡ್ರೈವರ್‌ಗೆ ಕೊಡೋ ಯಾವ ಪಾಠವೂ ಇವರಿಗೆ ಇರಲ್ಲ. ಪಾಠ ಹೇಳೋದು ಫೋನಲ್ಲಿರೋ ಮ್ಯಾಪ್ ಮಾತ್ರ. ಆ ಮ್ಯಾಪ್‌ಗೆ ನೀವು ಒಂದು ಕಾರು, ಅಷ್ಟೇ. ಹಿಂದೆ ಮನೆ ಕಟ್ಟಿಕೊಂಡಿದ್ದೀರಿ ಅನ್ನೋದು ಅದಕ್ಕೆ ಗೊತ್ತಿಲ್ಲ.

ಒಂದೇ ಬೆಟ್ಟ, ಮೂರು ರಸ್ತೆ

ಶಿಕಾಗೋದಿಂದ ಪಶ್ಚಿಮಕ್ಕೆ ಹೊರಟ್ರೆ ಇಂಟರ್‌ಸ್ಟೇಟ್ 90 ಸೌತ್ ಡಕೋಟಾ ದಾಟಿಸಿ ವಯೋಮಿಂಗ್‌ಗೆ ತರುತ್ತೆ. ದಾರಿಯಲ್ಲಿ ಬ್ಯಾಡ್‌ಲ್ಯಾಂಡ್ಸ್, ಮೌಂಟ್ ರಶ್‌ಮೋರ್ ಎಲ್ಲಾ ಸಿಗುತ್ತೆ. ಅಲ್ಲೀತನಕ ದೊಡ್ಡ ತೊಂದರೆ ಇಲ್ಲ. ಆಮೇಲೆ ಎದುರಿಗೆ ಗೋಡೆ ಥರ ನಿಲ್ಲೋದು ಬಿಗ್‌ಹಾರ್ನ್ ಪರ್ವತ ಸಾಲು. ಅದರ ಆಚೆ ಕೋಡಿ ಅನ್ನೋ ಊರು. ನಮ್ಮ ಕೆರೆಕೋಡಿ ಅಲ್ಲ, ಬಫೆಲೋ ಬಿಲ್ ಕೋಡಿ ಅನ್ನೋ ಪ್ರಸಿದ್ಧ ವ್ಯಕ್ತಿಯ ಹೆಸರಿನ ಊರು. ಅಲ್ಲಿಂದ ಯೆಲ್ಲೋಸ್ಟೋನ್‌ನ ಪೂರ್ವ ದ್ವಾರಕ್ಕೆ ಐವತ್ತು ಚಿಲ್ಲರೆ ಮೈಲಿ.

ಬಿಗ್‌ಹಾರ್ನ್ ದಾಟೋಕೆ ಮೂರು ರಸ್ತೆ: ಯು.ಎಸ್. 14, ಯು.ಎಸ್. 14ಎ, ಯು.ಎಸ್. 16. ಇದರಲ್ಲಿ 14 ಮತ್ತು 14ಎ ಪೂರ್ವದಿಂದ ಒಟ್ಟಿಗೆ ಹತ್ತುತ್ತವೆ. ಬೆಟ್ಟದ ಮೇಲೆ ಬರ್ಜೆಸ್ ಜಂಕ್ಷನ್ ಅನ್ನೋ ಕಡೆ ಕವಲೊಡೆಯುತ್ತವೆ. 14 ಎಡಕ್ಕೆ ತಿರುಗಿ ಶೆಲ್ ಕಣಿವೆಯಲ್ಲಿ ಇಳಿಯುತ್ತೆ. 14ಎ ನೇರ ಪಶ್ಚಿಮಕ್ಕೆ ಹೋಗಿ ಲೊವೆಲ್ ಊರಿನ ಕಡೆ ಇಳಿಯುತ್ತೆ. 16 ಬೇರೆಯೇ ದಾರಿ. ದಕ್ಷಿಣದಲ್ಲಿ ಬಫೆಲೋ ಊರಿನಿಂದ ಹತ್ತಿ, ಟೆನ್ ಸ್ಲೀಪ್ ಅನ್ನೋ ಊರಿಗೆ ಇಳಿಯುತ್ತೆ.

ಈಗ ಎತ್ತರ ನೋಡೋಣ. 14ರ ಗ್ರ್ಯಾನೈಟ್ ಪಾಸ್ ಸುಮಾರು 9,000 ಅಡಿ. 14ಎ ಅದಕ್ಕಿಂತ ಒಂದಿಷ್ಟು ಜಾಸ್ತಿ. 16ರ ಪೌಡರ್ ರಿವರ್ ಪಾಸ್ 9,666 ಅಡಿ. ಮೂರರಲ್ಲೂ ಅತಿ ಎತ್ತರ ಇದೇ. ಹಾಗಾದ್ರೆ 16 ಬಿಟ್ಟುಬಿಡೋಣ ಅಂತ ಅನ್ಸುತ್ತೆ, ಅಲ್ವಾ? ಉಲ್ಟಾ. ಟ್ರೈಲರ್ ಎಳೆಯೋರಿಗೆ ಅಲ್ಲಿನ ಅನುಭವಸ್ಥರು ಹೇಳೋದೇ 16. ಮೂರರಲ್ಲಿ ಅತಿ ಎತ್ತರದ ರಸ್ತೆಯೇ ಅತಿ ಹದವಾದ ರಸ್ತೆ.

ಯಾಕೆ ಅಂದ್ರೆ ಎತ್ತರದಿಂದ ಬ್ರೇಕ್ ಸುಡಲ್ಲ. ಎಷ್ಟು ಬೇಗ ಇಳಿದ್ರಿ ಅನ್ನೋದರಿಂದ ಸುಡುತ್ತೆ. 16ರಲ್ಲಿ ಪಾಸ್‌ನಿಂದ ಟೆನ್ ಸ್ಲೀಪ್‌ಗೆ ಐದು ಸಾವಿರ ಅಡಿಗಿಂತ ಹೆಚ್ಚು ಇಳೀತೀರಿ ನಿಜ, ಆದ್ರೆ ಆ ಇಳಿತ 25 ಮೈಲಿಗೂ ಹೆಚ್ಚು ದೂರಕ್ಕೆ ಹಂಚಿಹೋಗಿದೆ. ನಡುವೆ ಕಡಿದಾದ ಭಾಗಗಳೂ ಇವೆ, ಇಲ್ಲ ಅನ್ನಲ್ಲ. ಆದ್ರೆ ಉಸಿರಾಡೋಕೆ ಜಾಗ ಸಿಗುತ್ತೆ. 14ಎ ಹಾಗಲ್ಲ. ಪಶ್ಚಿಮದ ಕಡೆ ಶೇ. 10ರ ಇಳಿಜಾರು ಮೈಲಿಗಟ್ಟಲೆ ಬರುತ್ತೆ. ಬ್ರೇಕ್ ಹೋದ ಲಾರಿಗಳಿಗೆ ಅಂತಾನೇ ಪಕ್ಕದಲ್ಲಿ ಜಲ್ಲಿ ತುಂಬಿದ ತುರ್ತು ಇಳಿಜಾರುಗಳನ್ನ ಮಾಡಿಟ್ಟಿದ್ದಾರೆ. ಒಂದು ರಸ್ತೆಯಲ್ಲಿ ಅವು ಸಾಲಾಗಿ ಕಂಡ್ರೆ ಆ ರಸ್ತೆ ನಿಮಗೆ ಏನೋ ಹೇಳ್ತಾ ಇದೆ ಅಂತ ಅರ್ಥ. ಚಳಿಗಾಲದಲ್ಲಿ ಆ ಭಾಗವನ್ನ ಮುಚ್ಚೇಬಿಡ್ತಾರೆ.

14 ನಡುವಿನದು. ಶೆಲ್ ಕಣಿವೆ ನೋಡೋಕೆ ಅದ್ಭುತ ಅಂತಾರೆ, ಜಲಪಾತ ಇದೆ. ಆದ್ರೆ ಎರಡೂ ಕಡೆ ತಿರುವು ಜಾಸ್ತಿ. ಟ್ರೈಲರ್ ಎಳೆದು ಅಭ್ಯಾಸ ಇರೋರು ಹೋಗ್ತಾರೆ. ಮೊದಲ ಸಲ ಎಳೆಯೋರಿಗೆ ನಾನು ಹೇಳಲ್ಲ.

18 ಯೂನಿಟ್ ಶಾಖ

ನಾನು ಬಿ.ಕಾಂ ಓದಿರೋದು, ಫಿಸಿಕ್ಸ್ ಪಿಯುಸಿಗೂ ಇರಲಿಲ್ಲ. ಆದ್ರೆ ಈ ಲೆಕ್ಕ ಒಂದ್ಸಲ ಮಾಡಿದ್ಮೇಲೆ ತಲೆಯಿಂದ ಹೋಗ್ತಿಲ್ಲ, ನೀವೂ ಕೇಳಿ.

ಆರೂವರೆ ಟನ್ ಗಾಡಿ 1,000 ಮೀಟರ್ ಎತ್ತರದಿಂದ ಕೆಳಗೆ ಬಂತು ಅಂತ ಇಟ್ಕೊಳ್ಳಿ. ತೂಕ, ಎತ್ತರ, ಗುರುತ್ವಾಕರ್ಷಣೆ ಮೂರನ್ನೂ ಗುಣಿಸಿದ್ರೆ ಬಿಡುಗಡೆ ಆಗೋ ಶಕ್ತಿ ಸುಮಾರು 18 ಯೂನಿಟ್. ಹೌದು, ಕರೆಂಟ್ ಬಿಲ್‌ನಲ್ಲಿ ಬರೋ ಅದೇ ಯೂನಿಟ್. ವೇಗ ಹೆಚ್ಚಾಗಬಾರದು ಅಂದ್ರೆ ಈ 18 ಯೂನಿಟ್ ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ಸ್ವಲ್ಪ ಗಾಳಿ ತಿನ್ನುತ್ತೆ, ಸ್ವಲ್ಪ ಟೈರ್, ಸ್ವಲ್ಪ ಇಂಜಿನ್. ಮಿಕ್ಕಿದ್ದೆಲ್ಲ ಬ್ರೇಕ್‌ನಲ್ಲಿ ಶಾಖ ಆಗುತ್ತೆ.

ಶೇ. 10ರ ಇಳಿಜಾರಲ್ಲಿ 1,000 ಮೀಟರ್ ಇಳಿಯೋಕೆ 10 ಕಿಲೋಮೀಟರ್ ಸಾಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ಬಂದ್ರೂ 20 ನಿಮಿಷ. 20 ನಿಮಿಷಕ್ಕೆ 18 ಯೂನಿಟ್ ಅಂದ್ರೆ ಎರಡು ಕಿಲೋವ್ಯಾಟ್‌ನ ಗೀಸರ್ 25ಕ್ಕೂ ಹೆಚ್ಚು ಒಟ್ಟಿಗೆ ಆನ್ ಮಾಡಿ ಇಟ್ಟ ಹಾಗೆ. ಅದೇ ಇಳಿಜಾರು ಶೇ. 5 ಆಗಿದ್ರೆ ದೂರ ಎರಡರಷ್ಟು, ಸಮಯ ಎರಡರಷ್ಟು, ಪ್ರತಿ ನಿಮಿಷದ ಶಾಖ ಅರ್ಧ. ಆ ಅರ್ಧದಲ್ಲಿ ದೊಡ್ಡ ಪಾಲನ್ನ ಕೆಳಗಿನ ಗೇರಿನಲ್ಲಿರೋ ಇಂಜಿನ್ನೇ ಹೀರ್ಕೊಳ್ಳುತ್ತೆ, ಬ್ರೇಕಿಗೆ ಕೆಲಸ ಕಮ್ಮಿ. ಒಟ್ಟು ಶಾಖ ಒಂದೇ ಇದ್ರೂ ಅದು ಆರೋಕೆ ಸಿಗೋ ಸಮಯ ಬೇರೆ. 16 ಹದ, 14ಎ ಕಷ್ಟ ಅನ್ನೋದರ ಗುಟ್ಟು ಇಷ್ಟೇ.

ಬ್ರೇಕ್ ಅತಿಯಾಗಿ ಬಿಸಿ ಆದಾಗ ಏನಾಗುತ್ತೆ ಅಂದ್ರೆ, ಪೆಡಲ್ ಒತ್ತಿದ್ರೂ ಹಿಡಿತ ಸಿಗಲ್ಲ. ಅದಕ್ಕೇ ಇಳಿಯೋಕೆ ಮುಂಚೆನೇ, ಬೆಟ್ಟದ ನೆತ್ತಿಯಲ್ಲೇ ಗೇರ್ ಇಳಿಸಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳೀಬಾರದು, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಬೇಕು. ಟ್ರೈಲರ್‌ಗೆ ಅದರದ್ದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತೆ, ಟ್ರಕ್ಕಿನೊಳಗೆ ಅದರ ಕಂಟ್ರೋಲರ್ ಇರಬೇಕು. ಬಾಡಿಗೆ ಗಾಡಿ ತಗೊಳ್ಳೋವಾಗ ಅಂಗಳದಲ್ಲೇ ನಿಧಾನವಾಗಿ ಓಡಿಸಿ, ಕಂಟ್ರೋಲರ್‌ನ ಕೈಗುಂಡಿ ಒತ್ತಿ, ಟ್ರೈಲರ್ ಹಿಂದಕ್ಕೆ ಜಗ್ಗುತ್ತಾ ನೋಡಿ. ಜಗ್ಗಲಿಲ್ಲ ಅಂದ್ರೆ ಗೇಟ್ ದಾಟಬೇಡಿ.

ಹತ್ತೋವಾಗ ಏನೂ ಇಲ್ವಾ ಅಂತ ಕೇಳಬಹುದು. ಇದೆ. ಟರ್ಬೋ ಇಲ್ಲದ ಇಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳ್ಕೊಳ್ಳುತ್ತೆ. 9,666 ಅಡಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗಿರುತ್ತೆ. ಗಾಡಿ ನರಳುತ್ತೆ, ಹಿಂದೆ ಕ್ಯೂ ಆಗುತ್ತೆ, ಹಾರನ್ ಕೇಳುತ್ತೆ. ಬಲಗಡೆ ಲೇನಲ್ಲಿ ನಿಧಾನವಾಗಿ ಹೋಗಿ, ಮರ್ಯಾದೆ ಪ್ರಶ್ನೆ ಮಾಡ್ಕೋಬೇಡಿ. ಹತ್ತೋದ್ರಲ್ಲಿ ಸೋತ್ರೆ ಗಾಡಿ ನಿಲ್ಲುತ್ತೆ. ಇಳಿಯೋದ್ರಲ್ಲಿ ಸೋತ್ರೆ ನಿಲ್ಲಲ್ಲ.

ನಾಲ್ಕನೇ ದಾರಿ, 30 ಡಾಲರ್

ಮ್ಯಾಪ್ ಮೂರು ದಾರಿ ತೋರಿಸ್ತು ಅಂದೆ. ನಾಲ್ಕನೇದು ಒಂದಿದೆ, ಬೆಟ್ಟ ಹತ್ತೋದೇ ಬೇಡ ಅನ್ನೋ ದಾರಿ. ಬಫೆಲೋದಲ್ಲಿ ಇಂಟರ್‌ಸ್ಟೇಟ್ 90 ಬಿಡದೆ ಉತ್ತರಕ್ಕೆ ಶೆರಿಡನ್, ಅಲ್ಲಿಂದ ಮೊಂಟಾನಾದ ಬಿಲ್ಲಿಂಗ್ಸ್ ಊರಿನವರೆಗೆ ಹೋಗಿ, ಪಕ್ಕದ ಲಾರೆಲ್‌ನಲ್ಲಿ ದಕ್ಷಿಣಕ್ಕೆ ತಿರುಗಿ ಕೋಡಿಗೆ ಇಳಿಯೋದು. ಪರ್ವತ ಸಾಲನ್ನ ಸುತ್ತು ಹಾಕಿದ ಹಾಗೆ.

ಬಫೆಲೋದಿಂದ ಕೋಡಿಗೆ 16ರಲ್ಲಿ ಹೆಚ್ಚುಕಮ್ಮಿ 180 ಮೈಲಿ. ಬಿಲ್ಲಿಂಗ್ಸ್ ಸುತ್ತಿದ್ರೆ ಹತ್ತಿರ ಹತ್ತಿರ 270. ಅಂದ್ರೆ 90 ಮೈಲಿ ಜಾಸ್ತಿ. ಟ್ರೈಲರ್ ಎಳೆಯೋ ಟ್ರಕ್ ಗ್ಯಾಲನ್‌ಗೆ 10 ಮೈಲಿ ಕೊಟ್ರೆ ಪುಣ್ಯ. 9 ಗ್ಯಾಲನ್ ಹೆಚ್ಚು ಬೇಕು. ಗ್ಯಾಲನ್‌ಗೆ ಮೂರೂವರೆ ಡಾಲರ್ ಅಂತ ಇಟ್ಕೊಂಡ್ರೆ ಸುಮಾರು 30 ಡಾಲರ್. ಸಮಯ? ಮ್ಯಾಪ್ ತೋರಿಸೋ ವ್ಯತ್ಯಾಸವನ್ನ ಪೂರ್ತಿ ನಂಬಬೇಡಿ. ಬೆಟ್ಟದ ದಾರಿಗೆ ಅದು ಕೊಡೋ ಸಮಯ ಕಾರಿನದ್ದು. ನೀವು ಅಲ್ಲಿ ಆ ವೇಗದಲ್ಲಿ ಹೋಗಲ್ಲ, ಹೋಗಬಾರದು. ಇಂಟರ್‌ಸ್ಟೇಟ್‌ನಲ್ಲಿ ಮಾತ್ರ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಹೋಗ್ತೀರಿ. ಹಾಗಾಗಿ ನಿಜವಾದ ವ್ಯತ್ಯಾಸ ಸ್ಕ್ರೀನ್ ಮೇಲೆ ಕಾಣೋದಕ್ಕಿಂತ ಕಮ್ಮಿ.

ಆರು ಜನರ ಮೂವತ್ತು ಡಾಲರ್. ಅವರು ಸೌತ್ ಡಕೋಟಾದಲ್ಲಿ ಒಂದ್ಸಲ ಐಸ್‌ಕ್ರೀಮ್ ತಿಂದ್ರೆ ಅಷ್ಟಾಗುತ್ತೆ.

ಆದ್ರೆ ಈ ದಾರಿಯಲ್ಲೂ ಒಂದು ಮೋಸದ ತಿರುವು ಇದೆ. ಲಾರೆಲ್ ಬಿಟ್ಟ ಮೇಲೆ ಯು.ಎಸ್. 212 ಮತ್ತು 310 ಒಂದೇ ರಸ್ತೆಯಲ್ಲಿ ಒಟ್ಟಿಗೆ ಬರ್ತವೆ. ರಾಕ್‌ವೇಲ್ ಅನ್ನೋ ಸಣ್ಣ ಜಾಗದಲ್ಲಿ ಬೇರೆ ಆಗ್ತವೆ. ನಿಮಗೆ ಬೇಕಾದ್ದು 310, ಬ್ರಿಜರ್ ಕಡೆ, ಆಮೇಲೆ ಮೊಂಟಾನಾ 72, ಅದೇ ಮುಂದೆ ವಯೋಮಿಂಗ್ 120 ಆಗಿ ಕೋಡಿ ಸೇರುತ್ತೆ. ಅಲ್ಲಿ 212 ಹಿಡಿದ್ರೆ ರೆಡ್ ಲಾಡ್ಜ್, ಅದನ್ನ ದಾಟಿದ್ರೆ ಬೇರ್‌ಟೂತ್ ಹೈವೇ. ಅದರ ಎತ್ತರ 10,947 ಅಡಿ. ಸುತ್ತಿ ಸುತ್ತಿ ಹತ್ತೋ ಹಿಮ್ಮುರಿ ತಿರುವುಗಳು. ಅಮೆರಿಕದ ಅತಿ ಸುಂದರ ರಸ್ತೆಗಳಲ್ಲಿ ಒಂದು ಅಂತ ಹೆಸರು, ಯೆಲ್ಲೋಸ್ಟೋನ್‌ನ ಈಶಾನ್ಯ ದ್ವಾರಕ್ಕೆ ಹೋಗೋದೂ ನಿಜ. ಕಾರಲ್ಲಿ ಹೋಗಿ, ಫೋಟೋ ಹಾಕಿ, ನಾನೂ ಲೈಕ್ ಕೊಡ್ತೀನಿ. 30 ಅಡಿ ಟ್ರೈಲರ್ ಜೊತೆ ಬೇಡ.

ಹಿಂತಿರುಗೋಕೆ ಆಗೋ ಕೊನೆಯ ಜಾಗ

ಕಾಮರ್ಸ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತ ಓದಿರ್ತೀವಿ. ಈಗಾಗಲೇ ಖರ್ಚಾಗಿ ಹೋದ ದುಡ್ಡು ಮುಂದಿನ ತೀರ್ಮಾನಕ್ಕೆ ಕಾರಣ ಆಗಬಾರದು ಅಂತ. ಪರೀಕ್ಷೆಯಲ್ಲಿ ಐದು ಮಾರ್ಕ್ಸ್‌ಗೆ ಬರೀತೀವಿ, ರಸ್ತೆಯಲ್ಲಿ ಮರೀತೀವಿ. ಇಷ್ಟು ದೂರ ಬಂದಾಯ್ತಲ್ಲ, ಇನ್ನೇನು, ನೋಡೇ ಬಿಡೋಣ ಅನ್ನೋದು ಅದೇ.

ಟ್ರೈಲರ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ಕೆಲಸ ಮಾಡುತ್ತೆ. ಕಾರಲ್ಲಿ ತಪ್ಪು ದಾರಿ ಹಿಡಿದ್ರೆ ಯು ಟರ್ನ್ ಹೊಡೀಬಹುದು. 50 ಅಡಿ ಗಾಡಿಯನ್ನ ಎರಡು ಲೇನ್ ಬೆಟ್ಟದ ರಸ್ತೆಯಲ್ಲಿ ತಿರುಗಿಸೋಕೆ ಆಗಲ್ಲ. ರಿವರ್ಸ್ ತಗೊಂಡ್ರೆ ಟ್ರೈಲರ್ ಉಲ್ಟಾ ದಿಕ್ಕಿಗೆ ಮಡಚಿಕೊಳ್ಳುತ್ತೆ. ಹಾಗಾಗಿ ಒಂದು ಹಂತ ದಾಟಿದ ಮೇಲೆ ಮುಂದೆ ಹೋಗೋದು ಬಿಟ್ಟು ಬೇರೆ ಆಯ್ಕೆಯೇ ಇರಲ್ಲ.

ಅದಕ್ಕೆ ಹೊರಡೋ ಮುಂಚೆ ಆ ಹಂತಗಳನ್ನ ಪೇಪರ್ ಮೇಲೆ ಬರೆದುಕೊಳ್ಳಿ. ಈ ಪ್ರಯಾಣದಲ್ಲಿ ಮೊದಲನೇದು ಬಫೆಲೋ: 16 ಹಿಡಿಯೋದೋ, 90ರಲ್ಲೇ ಮುಂದುವರಿಯೋದೋ ಅಲ್ಲಿ ತೀರ್ಮಾನ ಆಗಬೇಕು. ಶೆರಿಡನ್ ದಾಟಿದ ಮೇಲೆ ರ‍್ಯಾಂಚೆಸ್ಟರ್ ಎಕ್ಸಿಟ್ ಬರುತ್ತೆ, 14 ಅಂತ ಬೋರ್ಡ್ ಇರುತ್ತೆ, ಮ್ಯಾಪ್ ಅಲ್ಲೇ ತಿರುಗು ಅಂತ ಪೀಡಿಸಬಹುದು. ತಿರುಗಬಾರದು. ಕೊನೆಯದು ರಾಕ್‌ವೇಲ್. ಮೂರೇ ಹೆಸರು. ಪಕ್ಕದ ಸೀಟಲ್ಲಿ ಕೂತವರ ಕೈಲಿ ಆ ಚೀಟಿ ಇರಲಿ. ಫೋನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ, ಬೆಟ್ಟಗಳ ನಡುವೆ ಸಿಗ್ನಲ್ ಹೋಗೋದು ಅಲ್ಲೂ ನಮ್ಮ ಮಲೆನಾಡಿನ ಹಾಗೇ.

ರಸ್ತೆ ಎಷ್ಟು ಕಡಿದು ಅಂತ ಮೊದಲೇ ತಿಳಿಯೋದು ಹೇಗೆ? ಅಮೆರಿಕದಲ್ಲಿ ಲಾರಿ ಮತ್ತು ಆರ್‌ವಿ ಓಡಿಸೋರಿಗಾಗಿ ಮೌಂಟನ್ ಡೈರೆಕ್ಟರಿ ಅನ್ನೋ ಪುಸ್ತಕ ಇದೆ, ಯಾವ ಪಾಸ್‌ನಲ್ಲಿ ಎಷ್ಟು ಮೈಲಿ, ಎಷ್ಟು ಶೇಕಡಾ ಇಳಿಜಾರು ಅಂತ ಬರೆದಿರ್ತಾರೆ. ಗಾಡಿಯ ಎತ್ತರ, ತೂಕ ಹಾಕಿದ್ರೆ ದಾರಿ ಹೇಳೋ ಆರ್‌ವಿ ಜಿಪಿಎಸ್‌ಗಳೂ ಸಿಗ್ತವೆ. ಏನೂ ಇಲ್ಲದಿದ್ರೆ ಕ್ಯಾಲ್ಕ್ಯುಲೇಟರ್ ಇದೆಯಲ್ಲ. ಪಾಸ್‌ನ ಎತ್ತರದಿಂದ ಕೆಳಗಿನ ಊರಿನ ಎತ್ತರ ಕಳೀರಿ, ನಡುವಿನ ದೂರದಿಂದ ಭಾಗಿಸಿ. 3 ಮೈಲಿಯಲ್ಲಿ 1,000 ಅಡಿ ಇಳಿದ್ರೆ ಶೇ. 6ರ ಆಸುಪಾಸು. ಇದು ಸರಾಸರಿ, ನಡುವೆ ಇದಕ್ಕಿಂತ ಕಡಿದಾದ ತುಂಡು ಇದ್ದೇ ಇರುತ್ತೆ. ಸರಾಸರಿಯೇ 6 ದಾಟಿತು ಅಂದ್ರೆ ನಾನಾದ್ರೆ ಬೇರೆ ದಾರಿ ಹುಡುಕ್ತೀನಿ.

ಪಶ್ಚಿಮದಿಂದ ಬರೋರಿಗೆ ಇನ್ನೊಂದು ಬೋನು

ಸಿಯಾಟಲ್, ಬೊಯ್ಸಿ ಕಡೆಯಿಂದ ಬರೋ ಕೇಳುಗರು ಕೋಪ ಮಾಡ್ಕೋಬೇಡಿ, ನಿಮಗೂ ಒಂದಿದೆ. ಐಡಾಹೋ ಫಾಲ್ಸ್‌ನಿಂದ ಗ್ರ್ಯಾಂಡ್ ಟೀಟನ್ ಪಕ್ಕದ ಜಾಕ್ಸನ್ ಊರಿಗೆ ಹಾಕಿದ್ರೆ ಮ್ಯಾಪ್ ಸಾಮಾನ್ಯವಾಗಿ ಟೀಟನ್ ಪಾಸ್ ಮೇಲೆ ಕಳಿಸುತ್ತೆ. 8,431 ಅಡಿ, ಬಿಗ್‌ಹಾರ್ನ್‌ಗಿಂತ ಕಮ್ಮಿ. ಆದ್ರೆ ಶೇ. 10ರ ಇಳಿಜಾರು, ಬ್ರೇಕ್ ಹೋದ ಲಾರಿ ಹಿಡಿಯೋಕೆ ಅಡ್ಡ ಬಲೆ ಕಟ್ಟಿರೋ ರಸ್ತೆ. ನವೆಂಬರ್ 15ರಿಂದ ಏಪ್ರಿಲ್ 1ರವರೆಗೆ ಟ್ರೈಲರ್‌ಗಳಿಗೆ ಪ್ರವೇಶವೇ ಇಲ್ಲ. ಆಗುಂಬೆ ಘಾಟಿಗೆ ಭಾರೀ ಲಾರಿ ಬಿಡಲ್ಲ ಅಲ್ವಾ, ಅದೇ ತರ್ಕ. ಬೇಸಿಗೆಯಲ್ಲಿ ಬಿಡ್ತಾರೆ. ಬಿಡ್ತಾರೆ ಅಂದ ಮಾತ್ರಕ್ಕೆ ಹೋಗಬೇಕು ಅಂತಿಲ್ಲ.

ಬದಲಿ ದಾರಿ ಸುಲಭ. ಸ್ವಾನ್ ವ್ಯಾಲಿಯಲ್ಲಿ ಎಡಕ್ಕೆ ತಿರುಗದೆ ಯು.ಎಸ್. 26ರಲ್ಲೇ ಆಲ್ಪೈನ್‌ವರೆಗೆ ಹೋಗಿ, ಅಲ್ಲಿಂದ ಸ್ನೇಕ್ ನದಿಯ ಪಕ್ಕದಲ್ಲಿ ಹೋಬ್ಯಾಕ್ ಜಂಕ್ಷನ್, ಆಮೇಲೆ ಜಾಕ್ಸನ್. ಸುಮಾರು 20 ಮೈಲಿ ಜಾಸ್ತಿ, ಅಷ್ಟೇ. ನದಿ ಬೆಟ್ಟವನ್ನ ಕೊರೆದು ಮಾಡಿಟ್ಟ ದಾರಿ ಅದು, ಕಡಿದಾದ ಪಾಸ್ ದಾಟೋ ಕೆಲಸ ಇಲ್ಲ. 2024ರ ಜೂನ್‌ನಲ್ಲಿ ಟೀಟನ್ ಪಾಸ್ ರಸ್ತೆಯ ಒಂದು ಭಾಗವೇ ಕುಸಿದು ಬಿದ್ದು ವಾರಗಟ್ಟಲೆ ಬಂದ್ ಆಗಿತ್ತು, ಆಗ ಎಲ್ಲರೂ ಓಡಾಡಿದ್ದು ಇದರಲ್ಲೇ.

ಗಾಳಿ

ಇಳಿಜಾರಿನ ಬಗ್ಗೆ ಇಷ್ಟು ಮಾತಾಡಿದ್ವಿ, ಏಕೆಂದ್ರೆ ಅದು ಮ್ಯಾಪಲ್ಲಿ ಹುಡುಕಿದ್ರೆ ಸಿಗುತ್ತೆ. ಗಾಳಿ ಸಿಗಲ್ಲ.

ಟ್ರೈಲರ್‌ನ ಪಕ್ಕದ ಗೋಡೆ ಅಂದ್ರೆ 9 ಮೀಟರ್ ಉದ್ದ, ಎರಡೂವರೆ ಮೀಟರ್‌ಗಿಂತ ಹೆಚ್ಚು ಎತ್ತರ. ದೊಡ್ಡ ಹಾಯಿ ಅದು. ಗಂಟೆಗೆ 30 ಮೈಲಿ ಗಾಳಿ ಅಡ್ಡ ಬೀಸಿದ್ರೆ ಗೋಡೆ ಮೇಲೆ ಸುಮಾರು ಕಾಲು ಟನ್ ಒತ್ತಡ. 60 ಮೈಲಿ ಆದ್ರೆ? ಅರ್ಧ ಟನ್ ಅಲ್ಲ, ಸುಮಾರು ಒಂದು ಟನ್. ಗಾಳಿ ವೇಗ ಎರಡರಷ್ಟಾದ್ರೆ ಬಲ ನಾಲ್ಕರಷ್ಟಾಗುತ್ತೆ. ಅದೂ ಒಂದೇ ಸಮ ಬರಲ್ಲ, ಗುದ್ದಿ ಗುದ್ದಿ ಬರುತ್ತೆ. ಟ್ರೈಲರ್ ಬಾಲದ ಹಾಗೆ ಅಲ್ಲಾಡೋಕೆ ಶುರು ಮಾಡಿದ್ರೆ ಮುಂದಿನ ಟ್ರಕ್ಕನ್ನೂ ಜೊತೆಗೆ ಅಲ್ಲಾಡಿಸುತ್ತೆ. ಭಾರ ಹಿಂದೆ ಜಾಸ್ತಿ ತುಂಬಿದ್ರೆ ಇದು ಇನ್ನೂ ಬೇಗ ಶುರು. ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15 ಮುಂದಿನ ಕೊಂಡಿಯ ಮೇಲೆ ಕೂತಿರಬೇಕು ಅನ್ನೋ ನಿಯಮ ಅದಕ್ಕೇ. ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಯಂತ್ರ ಇರುತ್ತೆ, ಒಂದ್ಸಲ ಹತ್ತಿಸಿ ನೋಡಿ.

ನೆಬ್ರಾಸ್ಕಾ ಮೂಲಕ ಇಂಟರ್‌ಸ್ಟೇಟ್ 80 ಹಿಡಿದು ಹೋಗೋಣ, ಅದು ಚಪ್ಪಟೆ ಅಂತ ಯೋಚಿಸೋರಿಗೆ ಇದು ಗೊತ್ತಿರಲಿ. ವಯೋಮಿಂಗ್‌ನಲ್ಲಿ ಲಾರಮಿಯಿಂದ ರಾಲಿನ್ಸ್ ನಡುವೆ, ಎಲ್ಕ್ ಮೌಂಟನ್ ಪಕ್ಕ, ಆ ರಸ್ತೆ ಗಾಳಿಗೆ ಕುಖ್ಯಾತ. ಹಳೆಯ ಯು.ಎಸ್. 30 ಉತ್ತರಕ್ಕೆ ಮೆಡಿಸಿನ್ ಬೋ ಕಡೆಯಿಂದ ಸುತ್ತಿ ಹೋಗ್ತಿತ್ತು. ಹೊಸ ಇಂಟರ್‌ಸ್ಟೇಟ್ ದೂರ ಉಳಿಸೋಕೆ ಬೆಟ್ಟದ ಬುಡಕ್ಕೇ ಅಂಟಿಕೊಂಡು 1970ರಲ್ಲಿ ಶುರುವಾಯ್ತು. ಅಲ್ಲಿ ಹಿಮ, ಗಾಳಿ ವಿಪರೀತ, ಬೇಡ ಅಂತ ಅಲ್ಲಿನ ರೈತರು, ದನ ಸಾಕೋರು ಮೊದಲೇ ಹೇಳಿದ್ರು. ಕೇಳಲಿಲ್ಲ. ಈಗಲೂ ಎಷ್ಟೋ ದಿನ ಆ ಭಾಗವನ್ನ ಹಗುರವಾದ ಎತ್ತರದ ಗಾಡಿಗಳಿಗೆ ಮುಚ್ತಾರೆ. ಹಗುರ, ಎತ್ತರ: ಖಾಲಿ ಲಾರಿ ಮತ್ತು ನೀವು.

ವಯೋಮಿಂಗ್ ಸಾರಿಗೆ ಇಲಾಖೆಯ 511 ಆ್ಯಪ್‌ನಲ್ಲಿ ಇದೆಲ್ಲ ಆ ಕ್ಷಣಕ್ಕೆ ಗೊತ್ತಾಗುತ್ತೆ. ಗಾಳಿ ಸಾಮಾನ್ಯವಾಗಿ ಬೆಳಗಿನ ಜಾವ ಕಮ್ಮಿ, ಮಧ್ಯಾಹ್ನ ಜಾಸ್ತಿ. ಲಾಂಗ್ ಡ್ರೈವ್ ಅಂದ್ರೆ ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸೋ ಅಪ್ಪಂದಿರ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತೆ.

ಸಣ್ಣಪುಟ್ಟದು, ಆದ್ರೆ ದುಬಾರಿ

ಎತ್ತರ ಅಳೆದುಕೊಳ್ಳಿ, ಎಸಿ ಡಬ್ಬದ ಮೇಲಿನವರೆಗೆ. ನಾರ್ತ್ ಕ್ಯಾರೋಲೈನಾದ ಡರ್ಹಮ್‌ನಲ್ಲಿ ಒಂದು ರೈಲು ಸೇತುವೆ ಇದೆ, 11 ಅಡಿ 8 ಇಂಚು ಎತ್ತರ ಇತ್ತು. ಅದಕ್ಕೆ ತಲೆ ಕೊಟ್ಟು ಚಾವಣಿ ಸುಲಿಸಿಕೊಂಡ ಲಾರಿ, ಆರ್‌ವಿಗಳ ವಿಡಿಯೋ ನೀವೂ ನೋಡಿರ್ತೀರಿ. 2019ರಲ್ಲಿ 8 ಇಂಚು ಎತ್ತರಿಸಿದ್ರು. ಈಗಲೂ ಒಮ್ಮೊಮ್ಮೆ ಗುದ್ದುತ್ತಾರೆ.

ಪೂರ್ವ ಕರಾವಳಿಯಲ್ಲಿರೋರು ಸುರಂಗ ನೋಡಿಕೊಳ್ಳಿ. ಟ್ರೈಲರ್ ಮುಂದೆ ಅಡುಗೆಗೆ ಪ್ರೊಪೇನ್ ಸಿಲಿಂಡರ್ ಇರುತ್ತೆ, ಬಾಲ್ಟಿಮೋರ್‌ನ ಬಂದರು ಸುರಂಗಗಳಲ್ಲಿ ಅದಕ್ಕೆ ಮಿತಿ ಇದೆ. ಮೊದಲು ಅಂಥವರು ಕೀ ಬ್ರಿಜ್ ಮೇಲೆ ಹೋಗ್ತಿದ್ರು. 2024ರ ಮಾರ್ಚ್ 26ರಂದು ಹಡಗು ಬಡಿದು ಅದು ಬಿದ್ದುಹೋಯ್ತು. ಇಂಟರ್‌ಸ್ಟೇಟ್ 695ರ ಪಶ್ಚಿಮ ಭಾಗದಲ್ಲಿ ಊರು ಸುತ್ತಿ ಹೋಗಬೇಕು. ನ್ಯೂಯಾರ್ಕ್‌ನ ಪಾರ್ಕ್‌ವೇಗಳಲ್ಲಿ ಟ್ರೈಲರ್‌ಗೆ ಜಾಗವೇ ಇಲ್ಲ.

ವೇಗ. ಸೌತ್ ಡಕೋಟಾದಲ್ಲಿ ಇಂಟರ್‌ಸ್ಟೇಟ್ 90ರ ಮಿತಿ 80 ಮೈಲಿ ಅಂತ ಬೋರ್ಡ್ ಇರುತ್ತೆ. ಟ್ರೈಲರ್ ಟೈರ್‌ಗಳಲ್ಲಿ ಎಷ್ಟೋ 65 ಮೈಲಿಗೆ ಮಾತ್ರ ತಯಾರಾದವು. ಟೈರ್ ಪಕ್ಕದಲ್ಲಿ ಬರೆದಿರೋದು ನಿಮ್ಮ ಮಿತಿ, ಬೋರ್ಡಲ್ಲಿರೋದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ 55 ಅನ್ನುತ್ತೆ.

ಶಿಕಾಗೋದವರಿಗೆ ನನ್ನ ಉತ್ತರ ಹೀಗೆ. ಮೊದಲ ಸಲ ಎಳೀತಿದ್ದೀರಿ, ಅಪ್ಪ ಅಮ್ಮ ಜೊತೆಗಿದ್ದಾರೆ. ಹೋಗೋವಾಗ ಬಿಲ್ಲಿಂಗ್ಸ್ ಸುತ್ತಿ ಹೋಗಿ. ಕೋಡಿಯಲ್ಲಿ ಟ್ರೈಲರ್ ನಿಲ್ಲಿಸಿ ಅಲ್ಲೇ ತಂಗಿ. ಪೂರ್ವ ದ್ವಾರ ದಾಟಿದ ಮೇಲೆ ಸಿಲ್ವನ್ ಪಾಸ್ ಇದೆ, ಅದೂ 8,500 ಅಡಿ, ಅದನ್ನ ಬರೀ ಟ್ರಕ್ಕಲ್ಲಿ ಹತ್ತಿ. ಪಾರ್ಕ್ ಒಳಗೆ ಕಾಡೆಮ್ಮೆ ರಸ್ತೆ ಮಧ್ಯ ನಿಂತಾಗ 50 ಅಡಿ ಗಾಡಿಯಲ್ಲಿರೋದಕ್ಕಿಂತ 20 ಅಡಿ ಗಾಡಿಯಲ್ಲಿರೋದು ವಾಸಿ. ವಾಪಸ್ ಬರೋವಾಗ, ಕೈ ಪಳಗಿದೆ, ಬ್ರೇಕ್ ಚೆನ್ನಾಗಿದೆ, ಹವಾಮಾನ ಶುಭ್ರವಾಗಿದೆ ಅಂದ್ರೆ 16 ಹಿಡೀರಿ. ಟೆನ್ ಸ್ಲೀಪ್ ಕಣಿವೆ ಹತ್ತಿ ಬಫೆಲೋಗೆ ಇಳೀರಿ. ಬಫೆಲೋ ಕಡೆ ಇಳಿಯೋದೂ ಉದ್ದ ಇದೆ, ಪಾಸ್ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಬೇರೆಯವಕ್ಕಿಂತ ಬಿಸಿ ಅನ್ನಿಸಿದ್ರೆ ಅಲ್ಲೇ ಟೀ ಕಾಯಿಸಿ ಕುಡೀರಿ, ಅಡುಗೆಮನೆ ಹಿಂದೇನೇ ಇದೆ. ಆರಿದ ಮೇಲೂ ಅದೊಂದೇ ಮತ್ತೆ ಬಿಸಿ ಆದ್ರೆ ಇಳಿಯೋ ಮುಂಚೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ನಿಮ್ಮ ದಾರಿ ಯಾವುದು, ಗಾಡಿ ಎಷ್ಟು ಉದ್ದ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ತಗೊಳ್ತೀನಿ. ಸಿಗೋಣ.